ಇಳಿದುಕೊಳ್ಳುವುದು ಎಲ್ಲಿ?

ಪ್ರವಾಸಕ್ಕೆ ಹೊರಡುವ ಸಂಸಾರಿಗೆ ಮೂರು ಚಿಂತೆಗಳು. ಹೋಗುವುದು ಹೇಗೆ, ಉಣ್ಣುವುದು ಏನು, ಇಳಿದುಕೊಳ್ಳುವುದು ಎಲ್ಲಿ. ಮೊದಲಿನ ಎರಡಕ್ಕೆ ನಮ್ಮ ಹಿರಿಯರು ಉತ್ತರ ಹೇಳಿಟ್ಟು ಹೋಗಿದ್ದಾರೆ: ಗಾಡಿ ಕಟ್ಟಬೇಕು, ಬುತ್ತಿ ಕಟ್ಟಬೇಕು. ಮೂರನೆಯದು ಮಾತ್ರ ಕಾಲಕಾಲಕ್ಕೆ ರೂಪ ಬದಲಿಸುತ್ತ ಬಂದಿದೆ. ಅದು 2024ನೆಯ ಇಸವಿಯ ದಸರೆಯ ರಜೆಯಲ್ಲಿ ನಮ್ಮ ಮನೆಯ ಹೊಸ್ತಿಲನ್ನೂ ತುಳಿಯಿತು. ಅದರಿಂದ ನಾವು ಕಲಿತದ್ದನ್ನು ವಾಚಕ ಬಂಧುಗಳಲ್ಲಿ ಅರಿಕೆ ಮಾಡಿಕೊಳ್ಳುವುದಕ್ಕಾಗಿ ಈ ಲೇಖನ. ಮಕ್ಕಳ ಆಟದ ಸಂಗತಿಯನ್ನು ವಯಸ್ಸಾದವರೊಬ್ಬರು ಇಷ್ಟು ಉದ್ದವಾಗಿ ಬರೆಯಬೇಕೇ ಎಂದು ಕೆಲವರು ಕೇಳಿಯಾರು. ಇದರಲ್ಲಿ ಆಟದ ಸಂಗತಿ ಕಡಿಮೆ, ಮನೆಯ ಸಂಗತಿಯೇ ಹೆಚ್ಚು ಎಂಬುದು ಓದಿದ ಮೇಲೆ ಅವರಿಗೂ ತಿಳಿದೀತು.

ನಮ್ಮದು ನಿಪ್ಪಾಣಿ ತಾಲೂಕಿನ ಅಕ್ಕೋಳ. ವೇದಗಂಗೆಯ ದಂಡೆಯ ಊರು. ನಮಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಊರಲ್ಲಿದ್ದು ಹೊಲ ನೋಡಿಕೊಳ್ಳುತ್ತಾನೆ. ಕಿರಿಯವನು ಬೆಂಗಳೂರಿನ ಕೆಂಗೇರಿಯಲ್ಲಿ ಬಾಡಿಗೆಯ ಮನೆ ಹಿಡಿದು ಕಂಪನಿಯೊಂದರಲ್ಲಿ ದುಡಿಯುತ್ತಾನೆ. 2024ರ ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಮಳೆ ಸುರಿದು ವೇದಗಂಗೆ, ದೂಧಗಂಗೆ ಎರಡೂ ಉಕ್ಕಿದವು. ನಮ್ಮ ಊರಿಗೂ ಸಿದ್ನಾಳಕ್ಕೂ ನಡುವಿನ ಸೇತುವೆ ನೀರಿನೊಳಗೆ ಮುಳುಗಿತು. ದಂಡೆಯ ಕಬ್ಬು ದಿನಗಟ್ಟಲೆ ನೀರಿನಲ್ಲಿ ನಿಂತು ಸುಳಿ ಕೊಳೆಯಿತು. ಹಿರಿಯವನ ಕೈ ಅಲ್ಲಿಗೆ ಬಿಗಿಯಾಯಿತು. ಕಿರಿಯವನು ಕೇಳದೆಯೇ ಒಂದಿಷ್ಟು ಹಣ ಕಳಿಸಿದ. ಅಣ್ಣ ಅದನ್ನು ಪಡೆದುಕೊಂಡ, ಆದರೆ ಆ ದಿನದಿಂದ ತಮ್ಮನೊಡನೆ ಫೋನಿನಲ್ಲಿ ಮಾತು ಕಡಿಮೆ ಮಾಡಿದ. ಕೊಟ್ಟವನಿಗೆ ಇದು ಗೊತ್ತಾಗಲಿಲ್ಲ. ನಮಗೂ ಆಗ ಗೊತ್ತಾಗಲಿಲ್ಲವೆಂದು ಒಪ್ಪಿಕೊಳ್ಳಬೇಕು.

ದಸರೆಯ ರಜೆ ಹತ್ತಿರ ಬಂದಾಗ ಕಿರಿಯ ಮಗ ಫೋನು ಮಾಡಿದ. “ಅಪ್ಪಾ, ಈ ಸಲ ಎಲ್ಲಾರೂ ಬರ್ರಿ. ಹುಡುಗರನ್ನ ವಂಡರ್‌ಲಾಕ್ಕ ಕರಕೊಂಡ ಹೋಗೂಣು. ಒಳಗs ಹೋಟೆಲ್ ಐತಿ. ಮೂರು ರೂಮ್, ಎರಡು ರಾತ್ರಿ. ಖರ್ಚೆಲ್ಲಾ ನಂದು” ಎಂದ. ಬಿಡದಿಯ ಬಳಿಯ ಈ ವಿಹಾರೋದ್ಯಾನದ ಹೆಸರನ್ನು ನಮ್ಮ ಭಾಗದ ಮಕ್ಕಳೂ ಬಲ್ಲರು. ಕೇರಳದ ಉದ್ಯಮಿ ಕೊಚ್ಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ಇಂಥದೊಂದನ್ನು ಕಟ್ಟಿಸಿ, 2005ರಲ್ಲಿ ಬೆಂಗಳೂರು–ಮೈಸೂರು ದಾರಿಯಲ್ಲಿ ಎರಡನೆಯದನ್ನು ತೆರೆದರು. ಸುಮಾರು 82 ಎಕರೆಯ ನೆಲ. ನೀರಿನ ಆಟ, ನೆಲದ ಆಟ ಸೇರಿ ಅರುವತ್ತರಷ್ಟು ಬಗೆ. 2012ರಲ್ಲಿ ಅದರ ಆವರಣದಲ್ಲಿಯೇ 84 ಕೋಣೆಗಳ ವಸತಿಗೃಹವೂ ಆಯಿತು. ಕಿರಿಯ ಮಗ ಹೇಳಿದ್ದು ಅದನ್ನೇ.

ಮೊಮ್ಮಕ್ಕಳು ಕುಣಿದಾಡಿದರು. ಹಿರಿಯವನು ಮಾತ್ರ ಊಟ ಮುಗಿಸಿ ಕೈ ತೊಳೆಯುತ್ತ, “ನೀವು ಹುಡುಗರನ್ನ ಕರಕೊಂಡ ಹೋಗಿ ಬರ್ರಿ ಅಪ್ಪಾ. ನನಗ ಕಬ್ಬಿಗೆ ನೀರ ಹಾಸೂದೈತಿ” ಎಂದ. ಆ ವಾರ ಮಳೆಯಾಗಿ ಹೊಲದಲ್ಲಿ ಕಾಲಿಟ್ಟರೆ ಹೂಳುವಷ್ಟು ಹಸಿ ಇತ್ತು. ಹಸಿ ನೆಲಕ್ಕೆ ನೀರು ಹಾಸುವ ಒಕ್ಕಲಿಗ ಯಾರಿದ್ದಾರೆ? ಹಿರಿಯ ಸೊಸೆ ತಲೆ ಬಗ್ಗಿಸಿ ತಾಟು ಎತ್ತಿಕೊಂಡು ಒಳಗೆ ಹೋದಳು. ಆಗ ನಮಗೆ ತಮ್ಮನ ಹಣ, ಕಡಿಮೆಯಾದ ಮಾತು, ಈ ನೆವ ಮೂರೂ ಒಂದೇ ಎಳೆಯಲ್ಲಿ ಕಂಡವು. ಬೆಳೆ ಹೋದಾಗ ತಮ್ಮನ ಕೈ ಹಿಡಿದದ್ದು ಅನಿವಾರ್ಯ. ಮಕ್ಕಳ ಆಟಕ್ಕೂ, ಮಲಗುವ ಹಾಸಿಗೆಗೂ ತಮ್ಮನ ಕೈಯೇ ಆಗಬೇಕೆಂದರೆ ಮನೆಯ ಹಿರಿಯ ಮಗ ತಲೆ ಎತ್ತಿ ನಿಲ್ಲುವುದು ಹೇಗೆ?

ಇಷ್ಟು ತಿಳಿದೂ ನಾವು ಮಾಡಿದ ಮೊದಲ ಕೆಲಸ ತಪ್ಪಾದ ಕೆಲಸ. ಮರುದಿನ ರಾತ್ರಿ ಎಲ್ಲರನ್ನೂ ಕೂಡಿಸಿಕೊಂಡು ಸರಳ ಜೀವನದ ಮೇಲೆ ಉಪನ್ಯಾಸ ಮಾಡಿದೆವು. ಬೆಳಗಾವಿಯ ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಾವು. ಒಂದು ಚಾಪೆ, ಒಂದು ಕೌದಿ, ತಲೆಯ ಕೆಳಗೆ ಪುಸ್ತಕದ ಗಂಟು, ಇಷ್ಟರಲ್ಲಿ ವರ್ಷಗಳನ್ನು ಕಳೆದೆವು, ಒಂದು ರಾತ್ರಿ ಮಲಗಲು ಅಷ್ಟೊಂದು ಹಣವೇಕೆ, ಎಲ್ಲಿಯಾದರೂ ಹೊರಗೆ ಅಗ್ಗದಲ್ಲಿ ಇಳಿದುಕೊಂಡರಾಯಿತು ಎಂದು ಹೇಳಿದೆವು. ಧರ್ಮಪತ್ನಿಯವರು ಅಲ್ಲಿಯವರೆಗೆ ಸುಮ್ಮನಿದ್ದವರು, “ನೀವು ಮಠದಾಗ ನೆಲದ ಮ್ಯಾಲ ಮಲಗಿದ್ದು ಖರೇ. ನನ್ನ ಮೊಣಕಾಲು ನಿಮ್ಮ ಮಠದಾಗ ಓದಿಲ್ಲ” ಎಂದರು. ಮಕ್ಕಳು ನಕ್ಕರು. ಹಿರಿಯ ಮಗನೂ ನಕ್ಕ. ನಮ್ಮ ಉಪನ್ಯಾಸ ಅಲ್ಲಿಗೆ ಸಮಾಪ್ತವಾಯಿತು.

ಆ ರಾತ್ರಿ ನಿದ್ದೆ ಬಾರದೆ ನಮ್ಮ ಬಾಲ್ಯದ ಯಡೂರ ಜಾತ್ರೆಯನ್ನು ನೆನೆದೆವು. ಕೃಷ್ಣೆಯ ದಂಡೆಯ ವೀರಭದ್ರನ ಜಾತ್ರೆಗೆ ನಮ್ಮ ತಂದೆಯವರು ಸವಾರಿ ಗಾಡಿ ಕಟ್ಟುತ್ತಿದ್ದರು. ಹೊಲದಲ್ಲಿ ಎತ್ತು ಬಿಚ್ಚಿ, ನೊಗ ಇಳಿಸಿ, ಗಾಡಿಯ ಕೆಳಗೆ ಕಣಿಕೆ ಹರವಿ ಜಮಖಾನೆ ಹಾಸಿದರೆ ಅದೇ ವಸತಿ. ಅಲ್ಲಿ ಒಳಗೆ, ಹೊರಗೆ ಎಂಬ ಭೇದವಿರಲಿಲ್ಲ. ಗುಡಿಯ ಗಂಟೆ ಕೇಳಿಸುವಷ್ಟು ದೂರದಲ್ಲಿ ಎಲ್ಲರೂ ಮಲಗುತ್ತಿದ್ದರು. ಅವ್ವನ ಕಾಲು ದಣಿದರೆ ಗಾಡಿಗೆ ಬಂದು ಒರಗುತ್ತಿದ್ದಳು, ಮಗು ಅತ್ತರೆ ಅಲ್ಲಿಯೇ ತೊಟ್ಟಿಲು ಕಟ್ಟುತ್ತಿದ್ದಳು. ಇಂದಿನ ವಿಹಾರೋದ್ಯಾನಕ್ಕೆ ಗೋಡೆಯಿದೆ, ಬಾಗಿಲಿದೆ, ತೆರೆಯುವ ಮುಚ್ಚುವ ವೇಳೆಯಿದೆ. ಗಾಡಿಯ ಕೆಳಗಿನ ಆ ನೆರಳೇ ಇಂದು ಬಾಡಿಗೆಯ ಕೋಣೆಯಾಗಿದೆ. ದಣಿದ ಕಾಲಿಗೆ ಹತ್ತಿರದ ಹಾಸಿಗೆ ಎಷ್ಟು ಬೆಲೆಯದೆಂಬುದನ್ನು ವ್ಯಾಪಾರಿಗಳು ಚೆನ್ನಾಗಿ ಬಲ್ಲರು.

ಅವರು ಇದನ್ನು ಕಲಿತದ್ದು ಹೇಗೆಂಬುದೂ ತಿಳಿಯತಕ್ಕ ಸಂಗತಿ. ಅಮೆರಿಕೆಯ ವಾಲ್ಟ್ ಡಿಸ್ನಿಯವರು ಕ್ಯಾಲಿಫೋರ್ನಿಯದ ಅನಹೈಮಿನಲ್ಲಿ 160 ಎಕರೆ ಕಿತ್ತಳೆಯ ತೋಟವನ್ನು ಕೊಂಡು 1955ರ ಜುಲೈ 17ರಂದು ಡಿಸ್ನಿಲ್ಯಾಂಡನ್ನು ತೆರೆದರು. ಉದ್ಯಾನವನ್ನು ಕಟ್ಟುವಷ್ಟರಲ್ಲಿ ಅವರ ಹಣವೆಲ್ಲ ಮುಗಿದಿತ್ತು. ವಸತಿಗೃಹವನ್ನು ಕಟ್ಟಲು ಜ್ಯಾಕ್ ರ‍್ಯಾದರ್ ಎಂಬ ಬೇರೊಬ್ಬ ಧನಿಕರನ್ನು ಕೇಳಿಕೊಳ್ಳಬೇಕಾಯಿತು. ಅದು ಅದೇ ವರ್ಷದ ಅಕ್ಟೋಬರದಲ್ಲಿ ಬಾಗಿಲು ತೆರೆಯಿತು. ಕೆಲವೇ ವರ್ಷಗಳಲ್ಲಿ ಉದ್ಯಾನದ ಸುತ್ತಲೂ ಪರರ ವಸತಿಗೃಹಗಳು ಒತ್ತೊತ್ತಾಗಿ ಎದ್ದವು. ಜನ ಬರುವುದು ಡಿಸ್ನಿಯವರ ಆಟ ನೋಡಲು, ರಾತ್ರಿಯ ಬಾಡಿಗೆ ಸೇರುವುದು ಹೊರಗಿನವರ ಪೆಟ್ಟಿಗೆಗೆ. ಇದು ಅವರ ಮನಸ್ಸನ್ನು ಕೊರೆಯಿತು. ಮುಂದೆ ಫ್ಲಾರಿಡಾದಲ್ಲಿ ನೆಲ ಕೊಳ್ಳುವಾಗ ಸುಮಾರು 27,000 ಎಕರೆಯನ್ನು ಸದ್ದಿಲ್ಲದೆ ಕೊಂಡರು. ಅವರು 1966ರಲ್ಲಿ ತೀರಿಕೊಂಡರು. 1971ರ ಅಕ್ಟೋಬರ್ 1ರಂದು ಅಲ್ಲಿಯ ಉದ್ಯಾನ ತೆರೆದಾಗ ಅದರ ಜೊತೆಗೆ ಎರಡು ದೊಡ್ಡ ವಸತಿಗೃಹಗಳೂ ಇದ್ದವು. ಆಟದ ಮಗ್ಗುಲಲ್ಲಿಯೇ ಹಾಸಿಗೆಯನ್ನೂ ಮಾರುವ ಪದ್ಧತಿ ಬಲಗೊಂಡದ್ದು ಹೀಗೆ.

ಹಾಗೆಂದು ಒಳಗಿನ ವಸತಿ ಬರಿಯ ವ್ಯಾಪಾರದ ಬಲೆ ಎಂದು ತಳ್ಳಿಹಾಕುವಂತಿಲ್ಲ. ನಾವು ಒಂದು ಕಾಗದ ತೆಗೆದುಕೊಂಡು ತೂಗಿ ನೋಡಿದೆವು. ನಮ್ಮ ಮುಂದೆ ಮೂರು ದಾರಿಗಳಿದ್ದವು.

ಮೊದಲನೆಯದು ಒಳಗಿನ ಕೋಣೆ. ಅದರ ಗುಣ ಮೆತ್ತನೆಯ ಹಾಸಿಗೆಯಲ್ಲಿಲ್ಲ, ಹತ್ತಿರದಲ್ಲಿದೆ. ಇಂಥ ಉದ್ಯಾನವನ್ನು ನೋಡುವುದೆಂದರೆ ದಿನವಿಡೀ ನಡೆಯುವುದು, ಸರದಿಯಲ್ಲಿ ನಿಲ್ಲುವುದು, ನೆನೆಯುವುದು, ಒಣಗುವುದು. ಹನ್ನೆರಡು ವರ್ಷದ ಹುಡುಗನಿಗೆ ಅದು ಹಬ್ಬ. ನಾಲ್ಕು ವರ್ಷದ ಕೂಸಿಗೆ ಮಧ್ಯಾಹ್ನದ ನಿದ್ದೆ ಬೇಕು. ಅರುವತ್ತು ದಾಟಿದ ಮೊಣಕಾಲಿಗೆ ಒಂದೆರಡು ತಾಸು ಚಾಚಿಕೊಳ್ಳುವ ಜಾಗ ಬೇಕು. ಹೊರಗೆ ದೂರ ಇಳಿದುಕೊಂಡವರಿಗೆ ಬೆಂಚೇ ಗತಿ. ಹೊರಗಿನ ತಿಂಡಿಯನ್ನು ಆಟದ ಬಾಗಿಲಿನೊಳಗೆ ಬಿಡುವುದಿಲ್ಲ. ಹತ್ತಿರ ಕೋಣೆಯಿದ್ದರೆ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಅಲ್ಲಿ ಬಿಚ್ಚಬಹುದು. ಬೆಳಗಿನ ಸ್ನಾನಕ್ಕೆ ಬಿಸಿನೀರು, ಪೂಜೆಗೆ ಶುಚಿಯಾದ ಒಂದು ಮೂಲೆ, ಇವೂ ಸಿಗುತ್ತವೆ. ದೋಷವೆಂದರೆ ಬೆಲೆ. ಮೂರು ಕೋಣೆಗಳ ಎರಡು ರಾತ್ರಿಯ ಲೆಕ್ಕ ಹಾಕಿದಾಗ, ಆ ಹಣದಲ್ಲಿ ಹಿರಿಯವನು ಮತ್ತೆ ಕಬ್ಬು ನಾಟಿ ಮಾಡಲು ಬೇಕಾದ ಬೀಜದ ದೊಡ್ಡ ಪಾಲು ಬರುತ್ತಿತ್ತು. ಇನ್ನೊಂದು ಸಂಗತಿ: ಹೋಟೆಲಿನ ಕೋಣೆ ಕೈಗೆ ಬರುವುದು ಸಾಮಾನ್ಯವಾಗಿ ಮಧ್ಯಾಹ್ನ, ಬಿಡಬೇಕಾದದ್ದು ಮರುದಿನ ಮಧ್ಯಾಹ್ನದೊಳಗೆ. ಒಂದೇ ದಿನ ಆಡುವವರಿಗೆ ಎರಡು ರಾತ್ರಿಯ ಬಾಡಿಗೆ ಪೂರ್ತಿ ದಕ್ಕುವುದಿಲ್ಲ.

ಎರಡನೆಯದು ಹೆದ್ದಾರಿಯ ಬದಿಯ ಲಾಡ್ಜು. ಇದರ ರುಚಿ ನಮಗೆ ಹಿಂದೊಮ್ಮೆ ಬೇರೊಂದು ಪ್ರವಾಸದಲ್ಲಿ ಸಿಕ್ಕಿತ್ತು. ಬಾಡಿಗೆ ಕಡಿಮೆಯೆಂದು ಹೋದರೆ ಕೋಣೆ ಮೂರನೆಯ ಮಾಳಿಗೆಯಲ್ಲಿ, ಲಿಫ್ಟು ಇಲ್ಲ, ರಾತ್ರಿಯಿಡೀ ಲಾರಿಗಳ ಸದ್ದು. ಧರ್ಮಪತ್ನಿಯವರು ಮೆಟ್ಟಿಲ ಮೇಲೆ ಎರಡು ಸಲ ಕುಳಿತು ಏರಿದ್ದರು. ಎಲ್ಲ ಲಾಡ್ಜುಗಳೂ ಹೀಗಿರುವುದಿಲ್ಲ. ಒಳ್ಳೆಯವು ಬೇಕಷ್ಟಿವೆ. ಆದರೆ ಹೊರಗೆ ಇಳಿಯುವವರು ಬಾಡಿಗೆಯ ಜೊತೆಗೆ ಹೋಗಿ ಬರುವ ವಾಹನದ ಖರ್ಚನ್ನು ಕೂಡಿಸಿ ನೋಡಬೇಕು. 2023ರಲ್ಲಿ ಬೆಂಗಳೂರು–ಮೈಸೂರು ನಡುವೆ ಹೊಸ ಆರು ಪಥದ ದಾರಿಯಾದ ಮೇಲೆ ಅದರ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟದಿಂದ ಆಟೋರಿಕ್ಷಾ, ದ್ವಿಚಕ್ರ ವಾಹನಗಳನ್ನು ನಿಷೇಧಿಸಿದ್ದಾರೆ. ಆಟೋ ಹಿಡಿದರೆ ಬದಿಯ ಸೇವಾ ರಸ್ತೆಯಲ್ಲಿ ಸುತ್ತಿಕೊಂಡು ಹೋಗಬೇಕು. ಎರಡು ಕಿಲೋಮೀಟರ್ ಎಂದು ಹೇಳಿದ್ದು ಮಳೆಯಲ್ಲಿ, ಮಕ್ಕಳೊಡನೆ, ಕತ್ತಲಲ್ಲಿ ಎಷ್ಟಾಗುತ್ತದೆಂಬುದನ್ನು ಹೋದವರೇ ಬಲ್ಲರು.

ಮೂರನೆಯದು ಕಿರಿಯ ಮಗನ ಮನೆ. ಕೆಂಗೇರಿಯಿಂದ ಉದ್ಯಾನಕ್ಕೆ ಹದಿನೈದು ಕಿಲೋಮೀಟರಿನಷ್ಟು ದಾರಿ. ಸ್ವಂತ ಮನೆ, ಸ್ವಂತ ಅಡಿಗೆ, ಮಕ್ಕಳೆಲ್ಲ ಸಾಲಾಗಿ ಮಲಗುವ ಸುಖ, ಬಾಡಿಗೆ ಸೊನ್ನೆ. ಇದೇ ಸರಿಯೆಂದು ನಾವು ಕಾಗದದ ಮೇಲೆ ಗೆರೆ ಎಳೆಯುವಷ್ಟರಲ್ಲಿ ಹಿರಿಯ ಸೊಸೆ ಚಹಾ ತಂದಿಟ್ಟು, ಸೆರಗು ಸರಿಪಡಿಸಿಕೊಂಡು, “ಮಾವಾರ, ಒಂದ ಮಾತ ಹೇಳ್ಲೇನ್ರಿ? ಅಲ್ಲಿ ಒಂಬತ್ತು ಮಂದಿಗೆ ಅಡಿಗಿ ಮಾಡಾಕಿ ಅಕಿ ಒಬ್ಬಾಕೀನ. ನಸಿಕಿನ್ಯಾಗ ಎದ್ದು ಮಾಡಬೇಕು, ರಾತ್ರಿ ಬಂದ ಮ್ಯಾಲೂ ಮಾಡಬೇಕು. ಅಕಿಗೂ ಅದೊಂದs ರಜಾ” ಎಂದಳು. ನಮಗೆ ನಾಚಿಕೆಯಾಯಿತು. ಸೊನ್ನೆಯೆಂದು ಬರೆದ ಜಾಗದಲ್ಲಿ ಒಬ್ಬ ಹೆಣ್ಣುಮಗಳ ಎರಡು ದಿನಗಳ ದುಡಿಮೆಯಿತ್ತು. ಲೆಕ್ಕ ಬರೆಯುವ ಗಂಡಸರ ಕಣ್ಣಿಗೆ ಅದು ಬೀಳುವುದಿಲ್ಲ.

ಅದರ ಹಿಂದೆಯೇ ಮಠದ ನೆನಪು ಇನ್ನೊಂದು ರೀತಿಯಲ್ಲಿ ಬಂತು. ಅಲ್ಲಿಯ ವಸತಿಯನ್ನು ನಾವು ಉಚಿತವೆನ್ನುತ್ತೇವೆ. ಅದಕ್ಕೂ ಯಾರೋ ಬೆಲೆ ತೆತ್ತಿದ್ದರು. ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಸುತ್ತಿದ್ದರು, ಒಕ್ಕಲು ಮಕ್ಕಳು ಚೀಲದಲ್ಲಿ ಜೋಳ ಹಾಕಿದ್ದರು. ಅಷ್ಟಾದರೂ ನಾವು ಅಲ್ಲಿ ತಲೆ ತಗ್ಗಿಸಿ ಬಾಳಲಿಲ್ಲ. ಕಾರಣವೇನು? ಪ್ರತಿಯೊಬ್ಬ ಹುಡುಗನಿಗೂ ಒಂದು ಕೆಲಸವಿತ್ತು. ಒಬ್ಬ ಅಂಗಳ ಗುಡಿಸಿದ, ಒಬ್ಬ ನೀರು ಸೇದಿದ, ಒಬ್ಬ ಪ್ರಸಾದ ಬಡಿಸಿದ. ಕೊಡುವವರು ಕೊಟ್ಟೆವೆನ್ನಲಿಲ್ಲ. ಪಡೆಯುವವರು ಬರಿಗೈಯಲ್ಲಿ ಕೂಡಲಿಲ್ಲ. ಶರಣರು ದಾನವೆನ್ನದೆ ದಾಸೋಹವೆಂದರೆಂದು ನಾವು ಎಷ್ಟೋ ವೇದಿಕೆಗಳ ಮೇಲೆ ಹೇಳಿದ್ದೇವೆ. ನಮ್ಮ ಮನೆಯ ಪ್ರವಾಸಕ್ಕೆ ಅದನ್ನು ಅನ್ವಯಿಸಬೇಕೆಂದು ಹೊಳೆಯಲು ಸೊಸೆಯ ಮಾತು ಬೇಕಾಯಿತು.

ಮರುದಿನ ಕಿರಿಯ ಮಗನಿಗೆ ಫೋನು ಮಾಡಿ ನಮ್ಮ ತೀರ್ಮಾನ ತಿಳಿಸಿದೆವು. ರೈಲಿನ ಟಿಕೆಟ್ಟು ಅಣ್ಣನದು, ಉದ್ಯಾನದ ಟಿಕೆಟ್ಟು ತಮ್ಮನದು. ಹೋದ ದಿನದ ರಾತ್ರಿ ಎಲ್ಲರೂ ಕೆಂಗೇರಿಯ ಮನೆಯಲ್ಲಿ. ಆಟದ ದಿನ ಒಳಗೆ ಒಂದೇ ಕೋಣೆ, ಒಂದೇ ರಾತ್ರಿ, ಅದರ ಬಾಡಿಗೆ ನಮ್ಮ ನಿವೃತ್ತಿ ವೇತನದಿಂದ. ಹಗಲು ಅದು ದಣಿದವರೆಲ್ಲರ ವಿಶ್ರಾಂತಿಗೆ, ರಾತ್ರಿ ನಾವಿಬ್ಬರೂ ಎಂಟು ವರ್ಷದ ಮೊಮ್ಮಗಳೂ ಅಲ್ಲಿ. ಆಯಿಯ ಮಗ್ಗುಲಿಲ್ಲದೆ ಆಕೆಗೆ ನಿದ್ದೆ ಬಾರದು. ಉಳಿದ ಆರು ಜನ ಕೆಂಗೇರಿಗೆ. ಅಡಿಗೆಯ ವಿಷಯಕ್ಕೆ ಹಿರಿಯ ಸೊಸೆಯೇ ಉತ್ತರ ಕಂಡುಕೊಂಡಳು. ಎರಡು ದಿನ ಕುಳಿತು ಕಟಕು ರೊಟ್ಟಿ ಬಡಿದು ಡಬ್ಬಿ ತುಂಬಿದಳು. ಕಿರಿಯವನು ಮೊದಲು ಮುನಿಸಿಕೊಂಡ. “ನಾ ಕೊಡ್ತೇನಂದ್ರ ಬ್ಯಾಡ ಅಂತೀರಲ್ಲ ಅಪ್ಪಾ, ನಾ ಏನ ಹೊರಗಿನಾವೇನು?” ಎಂದು ಕೇಳಿದ. ನಾವು, “ನೀನು ಹೊರಗಿನವನಲ್ಲವೆಂದೇ ನಿನ್ನೊಬ್ಬನ ಮೇಲೆ ಹೊರಿಸುವುದಿಲ್ಲ” ಎಂದೆವು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, “ಅಣ್ಣ ಬರ್ತಾನಿಲ್ಲೋ?” ಎಂದ. ಅವನಿಗೂ ಎಲ್ಲವೂ ತಿಳಿದಿತ್ತೆಂದು ಆಗ ಗೊತ್ತಾಯಿತು. ಹಿರಿಯವನು ರಾಯಬಾಗ ನಿಲ್ದಾಣದಿಂದ ರಾಣಿ ಚನ್ನಮ್ಮ ರೈಲಿಗೆ ಆರು ಟಿಕೆಟ್ಟು ಮಾಡಿಸಿಕೊಂಡು ಬಂದ. ಕಬ್ಬಿಗೆ ನೀರು ಹಾಸುವ ಮಾತು ಮತ್ತೆ ಬರಲಿಲ್ಲ.

ರೈಲು ಇಳಿದು ಮೆಟ್ರೋ ಹತ್ತಿ ಕೆಂಗೇರಿ ತಲುಪಿದೆವು. ಆ ರಾತ್ರಿ ಒಂಬತ್ತು ಜನ ಎರಡು ಕೋಣೆಗಳಲ್ಲಿ ಮಲಗಿದರು. ಧರ್ಮಪತ್ನಿಯವರಿಗೆ ಮಂಚ, ಉಳಿದವರಿಗೆ ನೆಲ. ಸೊಸೆಯಂದಿರಿಬ್ಬರೂ ಅಡಿಗೆಮನೆಯಲ್ಲಿ ಬಹಳ ಹೊತ್ತು ನಗುತ್ತಿದ್ದುದು ಕೇಳಿಸಿತು. ಅಣ್ಣತಮ್ಮಂದಿರು ಹೊರಗಿನ ಮೆಟ್ಟಿಲ ಮೇಲೆ ಕುಳಿತು ಏನು ಮಾತನಾಡಿದರೋ ನಾವು ಕೇಳಲಿಲ್ಲ, ಕೇಳತಕ್ಕದ್ದೂ ಅಲ್ಲ.

ಮರುದಿನ ತಮ್ಮನ ಕಾರು, ಒಂದು ಬಾಡಿಗೆಯ ಟ್ಯಾಕ್ಸಿ ಎರಡರಲ್ಲಿ ಹೊರಟು ಬಾಗಿಲು ತೆರೆಯುವ ವೇಳೆಗೆ ಸರಿಯಾಗಿ ಉದ್ಯಾನ ಸೇರಿದೆವು. ಮಕ್ಕಳನ್ನು ಹಿಡಿಯುವವರೇ ಇಲ್ಲ. ಹನ್ನೆರಡರ ಹುಡುಗ ತನ್ನ ತಂದೆಯನ್ನೂ ಕಾಕಾನನ್ನೂ ಎರಡೂ ಕೈಗಳಿಂದ ಎಳೆದುಕೊಂಡು ಓಡಿದ. ಮೇಲೆ ಕೆಳಗೆ ತಿರುಗುವ ಯಂತ್ರವೊಂದರಲ್ಲಿ ಅಣ್ಣತಮ್ಮಂದಿರಿಬ್ಬರೂ ಚಿಕ್ಕವರಂತೆ ಕೂಗುತ್ತಿದ್ದುದನ್ನು ನಾವು ಕೆಳಗೆ ನಿಂತು ನೋಡಿದೆವು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಧರ್ಮಪತ್ನಿಯವರ ಹೆಜ್ಜೆ ತಡವರಿಸತೊಡಗಿತು. ನಾಲ್ಕು ವರ್ಷದ ಕೂಸು ಹೆಗಲ ಮೇಲೆಯೇ ನಿದ್ದೆಹೋಗಿತ್ತು. ಇಬ್ಬರನ್ನೂ ಕರೆದುಕೊಂಡು ಕೋಣೆಗೆ ಬಂದೆವು. ಆಕೆ ಕಾಲು ಚಾಚಿ ಒರಗಿದ ಕೂಡಲೆ, “ಶಿವಾ!” ಎಂದು ಉಸಿರು ಬಿಟ್ಟರು. ಆ ಒಂದು ಉಸಿರಿಗೆ ಕೋಣೆಯ ಬಾಡಿಗೆ ಸಂದಿತೆಂದು ನಮಗೆ ಅನಿಸಿತು. ಹಿಂದಿನ ಪ್ರವಾಸದ ಆ ಮೆಟ್ಟಿಲುಗಳನ್ನು ನೆನೆದು, ಸರಳತೆಯ ಉಪನ್ಯಾಸವನ್ನು ಪರರ ಮೊಣಕಾಲಿನ ಮೇಲೆ ಮಾಡಬಾರದೆಂದು ನಮಗೆ ನಾವೇ ಹೇಳಿಕೊಂಡೆವು.

ಆದರೆ ತಕ್ಕಡಿಗೆ ಇನ್ನೊಂದು ತಟ್ಟೆಯೂ ಇದೆ. ಸಂಜೆ ಆಟ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ಆರು ಜನ ಒಂದೇ ಕಾರಿನಲ್ಲಿ ಒತ್ತಿಕೊಂಡು ಹೊರಟರು. ಎಲ್ಲ ವಾಹನಗಳೂ ಒಮ್ಮೆಲೆ ದಾರಿಗೆ ಬಿದ್ದು, ಅವರು ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಹುಡುಗ ಹೊರಡುವಾಗ ಕೋಣೆಯ ಬಾಗಿಲಲ್ಲಿ ನಿಂತು, “ಅಜ್ಜಾ, ನಾನೂ ಇಲ್ಲೇ ಇರ್ಲಿ?” ಎಂದು ಕೇಳಿದ್ದ. ಆ ಕೋಣೆಗೆ ಮೂರೇ ಜನರ ಲೆಕ್ಕ ಕೊಟ್ಟಿದ್ದೆವು. ಇಲ್ಲವೆನ್ನಬೇಕಾಯಿತು. ಅವನು ಹಟ ಮಾಡಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೋದ. ಆ ಬೆನ್ನು ನಮಗೆ ಇನ್ನೂ ಕಾಣುತ್ತದೆ. ಕೋಣೆ ಶುಚಿಯಾಗಿತ್ತು, ನಿಶ್ಶಬ್ದವಾಗಿತ್ತು. ಹಿಂದಿನ ರಾತ್ರಿ ನೆಲದ ಮೇಲಿನ ನಗು ಅಲ್ಲಿರಲಿಲ್ಲ. ಧರ್ಮಪತ್ನಿಯವರು ದೀಪ ಆರಿಸಿದ ಮೇಲೆ, “ಕಾಲು ಆರಾಮ ಅದಾವು. ಮನಸ್ಸು ಕೆಂಗೇರ್ಯಾಗ ಐತಿ” ಎಂದರು.

ಬೆಳಿಗ್ಗೆ ಪೂಜೆ ಮುಗಿಸಿ ಕುಳಿತಿರುವಾಗ ಬಾಗಿಲು ತಟ್ಟಿದ ಸದ್ದು. ಹಿರಿಯ ಮಗ ಒಬ್ಬನೇ ಬಸ್ಸು ಹಿಡಿದು ಬಿಡದಿಗೆ ಹೋಗಿ, ಅಲ್ಲಿಯ ಪ್ರಸಿದ್ಧವಾದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ. ಕೋಣೆಯನ್ನು ಸುತ್ತ ನೋಡಿದ, ತಾಯಿಯ ಕಾಲ ಬಳಿ ಕುಳಿತ. “ಅವ್ವಾ, ಕಾಲು ನೂಸಲಿಲ್ಲಲ್ಲ?” ಎಂದು ಕೇಳಿದ. ಇಲ್ಲವೆಂದು ತಾಯಿ ತಲೆಯಾಡಿಸಿದರು. “ಈ ವರ್ಷ ಹ್ವಾದದ್ದು ಹೋತು. ಮುಂದ ಕಬ್ಬಿನ ಬಿಲ್ಲ ಬಂದಾಗ ನಾ ರೊಕ್ಕಾ ಕೊಡ್ತೇನಿ. ಎಲ್ಲಾರೂ ಇಲ್ಲೇ ಇರೂಣು, ತಮ್ಮನೂ” ಎಂದ. ತಮ್ಮನೂ ಎಂಬ ಆ ಒಂದು ಮಾತನ್ನು ಜುಲೈ ತಿಂಗಳಿನಿಂದ ನಾವು ಕೇಳಿರಲಿಲ್ಲ. ಇಡ್ಲಿ ಆರುತ್ತವೆಂದು ಹೇಳಿ ನಾವು ಮುಖ ಬೇರೆ ಕಡೆ ತಿರುಗಿಸಬೇಕಾಯಿತು.

ಹಾಗಾದರೆ ಒಳಗೋ ಹೊರಗೋ ಎಂದು ವಾಚಕ ಬಂಧುಗಳು ಕೇಳಿದರೆ ನಾವು ಒಂದೇ ಉತ್ತರವನ್ನು ಹೇಳಲಾರೆವು. ಗಟ್ಟಿ ಕಾಲಿನವರು, ಒಂದೇ ದಿನ ಆಡಿ ಹೋಗುವವರು, ಹತ್ತಿರ ನಂಟರಿದ್ದವರು ಹೊರಗೆ ಇಳಿಯುವುದೇ ಲೇಸು. ವೃದ್ಧರು, ಹಸುಗೂಸುಗಳು ಜೊತೆಗಿದ್ದರೆ ಒಳಗೆ ಒಂದು ಕೋಣೆಯಾದರೂ ಇರಲಿ. ಎಲ್ಲರಿಗೂ ಕೋಣೆ ಬೇಕಾಗಿಲ್ಲ. ದುಡ್ಡು ಕಟ್ಟುವ ಮೊದಲು ಕೋಣೆ ಎಷ್ಟು ಗಂಟೆಗೆ ಸಿಗುತ್ತದೆ, ಎಷ್ಟು ಜನ ಮಲಗಬಹುದು, ಆಟದ ಬಾಗಿಲಿನಿಂದ ಒಮ್ಮೆ ಹೊರಬಿದ್ದರೆ ಅದೇ ದಿನ ಮರಳಿ ಪ್ರವೇಶವುಂಟೇ ಎಂಬ ಮೂರನ್ನು ತಪ್ಪದೆ ಕೇಳಿಕೊಳ್ಳಬೇಕು. ಎರಡನೆಯದನ್ನು ನಾವು ಕೇಳದೆ ಮೊಮ್ಮಗನನ್ನು ಕಳಿಸಿಬಿಟ್ಟೆವು. ಬಹುಶಃ ಒಂದು ಹಾಸಿಗೆ ಹೆಚ್ಚು ಕೇಳಿದ್ದರೆ ಸಿಗುತ್ತಿತ್ತು.

ಇವು ವಸತಿಗೃಹದವರನ್ನು ಕೇಳತಕ್ಕ ಪ್ರಶ್ನೆಗಳು. ಮನೆಯಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳತಕ್ಕವೂ ಮೂರಿವೆ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಬಲ ಕಡಿಮೆಯಾದ ಕಾಲು ಯಾರದು? ಪುಕ್ಕಟೆಯೆಂದು ನಾವು ಎಣಿಸಿದ್ದಕ್ಕೆ ಯಾರ ಕೈ ದುಡಿಯುತ್ತಿದೆ? ಈ ಖರ್ಚಿನಿಂದ ಯಾರ ತಲೆ ತಗ್ಗುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಕೋಣೆಯ ಬಾಡಿಗೆಯನ್ನು ನೋಡಿದರೆ ಸಾಕು.

ಊರಿಗೆ ಮರಳಿದ ಮರುವಾರ ಹಿರಿಯ ಮಗ ಹೊಲದಿಂದಲೇ ತಮ್ಮನಿಗೆ ಫೋನು ಮಾಡಿ ಯಾವ ತಳಿಯ ಬೀಜ ಹಚ್ಚಲಿ ಎಂದು ಕೇಳುತ್ತಿದ್ದ. ಕಂಪ್ಯೂಟರಿನ ಮುಂದೆ ಕೂಡುವ ತಮ್ಮನಿಗೆ ಕಬ್ಬಿನ ತಳಿಯ ಜ್ಞಾನ ಎಷ್ಟೆಂಬುದನ್ನು ನಾವು ಬಲ್ಲೆವು. ಅಣ್ಣನೂ ಬಲ್ಲ. ಆದರೂ ಆ ಮಾತು ಬಹಳ ಹೊತ್ತು ನಡೆಯಿತು.